ಮೊಟ್ಟೆ ಸಿಕ್ಕಿಕೊಂಡ ಕೋಳಿಯ ಹೊಟ್ಟೆ ಒತ್ತಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ತಮ್ಮ ಪತ್ರಿಕೆಯಲ್ಲಿ ಈಚೆಗೆ ಪ್ರಕಟವಾದ ಹಿತ್ತಲ ಕೋಳಿ ಸಾಕಣೆಯ ಲೇಖನವನ್ನು ಎರಡು ಬಾರಿ ಓದಿದೆ. ಗೂಡಿನ ಅಳತೆ, ಗಾಳಿ ಬೆಳಕು, ಮರಿಗಳ ಆರೈಕೆ ಇವುಗಳ ಬಗ್ಗೆ ಲೇಖಕರು ಬರೆದಿರುವುದೆಲ್ಲ ಉಪಯುಕ್ತವಾಗಿದೆ. ಆದರೆ ಮೊಟ್ಟೆ ಇಡಲಾರದೆ ಕಷ್ಟಪಡುವ ಹೇಂಟೆಗೆ ಏನು ಮಾಡಬೇಕು ಎಂಬ ವಿಷಯವನ್ನು, ಹೊಟ್ಟೆಯನ್ನು ಒತ್ತಿ ಮೊಟ್ಟೆಯನ್ನು ಹೊರತೆಗೆಯಬಹುದು ಎಂಬ ಒಂದೇ ವಾಕ್ಯದಲ್ಲಿ ಮುಗಿಸಿದ್ದಾರೆ. ಈ ಪತ್ರಕ್ಕೆ ಆ ವಾಕ್ಯವೇ ಕಾರಣ. ಕೆಲವು ವರ್ಷಗಳ ಹಿಂದೆ ಇಂಥದೇ ಮಾತನ್ನು ನಂಬಿ ನಾನು ಒಂದು ಒಳ್ಳೆಯ ಕೋಳಿಯನ್ನು ಕಳೆದುಕೊಂಡೆ. ಆಮೇಲೆ ಪಶುವೈದ್ಯರನ್ನು ಕೇಳಿ ತಿಳಿದುಕೊಂಡದ್ದನ್ನೂ ನನ್ನ ಹಿತ್ತಲಲ್ಲಿ ಕಣ್ಣಾರೆ ಕಂಡದ್ದನ್ನೂ ಹೊಸದಾಗಿ ಕೋಳಿ ಸಾಕುತ್ತಿರುವ ಓದುಗರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಆ ಹೇಂಟೆಗೆ ಆಗ ಎರಡು ವರ್ಷ. ಬೂದು ಮೈ, ಕತ್ತಿನ ಸುತ್ತ ಹೊಂಬಣ್ಣದ ಗರಿಗಳು. ಒಂದು ದಿನ ಬೆಳಗ್ಗೆ ಅದು ಮೊಟ್ಟೆಯಿಡುವ ಪೆಟ್ಟಿಗೆಗೆ ಹೋಗಿ ಕೂತಿತು, ಎದ್ದು ಬಂತು, ಮತ್ತೆ ಹೋಗಿ ಕೂತಿತು. ಮಧ್ಯಾಹ್ನದೊಳಗೆ ಹೀಗೆ ನಾಲ್ಕು ಸಲ ಆಯಿತು. ಪ್ರತಿ ಸಲವೂ ಪೆಟ್ಟಿಗೆಯ ಹುಲ್ಲು ಬೆಚ್ಚಗಿರುತ್ತಿತ್ತು, ಮೊಟ್ಟೆ ಮಾತ್ರ ಇರುತ್ತಿರಲಿಲ್ಲ. ಉಳಿದ ಕೋಳಿಗಳು ಮಣ್ಣು ಕೆದಕುತ್ತಿದ್ದರೆ ಇದು ಗೋಡೆಯ ಮೂಲೆಯಲ್ಲಿ ಎದೆಯನ್ನು ಮೇಲೆತ್ತಿ, ಬಾಲವನ್ನು ನೆಲದ ಕಡೆಗೆ ಇಳಿಬಿಟ್ಟು, ಮೈಯನ್ನು ನೆಟ್ಟಗೆ ಮಾಡಿಕೊಂಡು ನಿಂತಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಉಸಿರಾಡಿದಾಗಲೆಲ್ಲ ಬಾಲ ಸಣ್ಣಗೆ ಏರಿಳಿಯುತ್ತಿತ್ತು. ಕಾವು ಕೂರುವ ಕಾಲ ಬಂದಿರಬೇಕೆಂದುಕೊಂಡು ನಾನು ಸಂಜೆಯವರೆಗೆ ಸುಮ್ಮನಿದ್ದೆ. ಸಂಜೆ ಅದು ಕಾಲೆಳೆಯತೊಡಗಿದಾಗ ಗಾಬರಿಯಾಗಿ, ಬಹಳ ಕಾಲದಿಂದ ಕೋಳಿ ಸಾಕಿದ್ದ ಹಿರಿಯರೊಬ್ಬರನ್ನು ಕರೆದೆ. ಅವರು ಒತ್ತಿದರೆ ಬಂದುಬಿಡುತ್ತದೆ ಎಂದರು. ಅವರು ಹಿಡಿದುಕೊಂಡರು, ನಾನು ಒತ್ತಿದೆ. ಒಳಗೆ ಏನೋ ಪಟ್ಟನೆ ಕುಸಿದದ್ದು ನನ್ನ ಬೆರಳುಗಳಿಗೆ ತಿಳಿಯಿತು. ಹಳದಿ ಲೋಳೆಯ ಜೊತೆಗೆ ರಕ್ತದ ಎಳೆಗಳು, ಚಿಪ್ಪಿನ ಎರಡು ಚೂರುಗಳು ಹೊರಬಂದವು. ಮಿಕ್ಕ ಚೂರುಗಳು ಒಳಗೇ ಉಳಿದವು. ಮೂರನೆಯ ದಿನ ಕೋಳಿ ಸತ್ತಿತು. ಆ ಹಿರಿಯರ ಮೇಲೆ ನನಗೆ ಸಿಟ್ಟಿಲ್ಲ. ಅವರು ತಮಗೆ ತಿಳಿದಿದ್ದನ್ನು ಹೇಳಿದರು, ಅದೇ ಮಾತು ಇಂದು ಅಚ್ಚಿನಲ್ಲಿ ಬಂದಿರುವುದರಿಂದ ಸುಮ್ಮನಿರಲಾಗಲಿಲ್ಲ.

ಒತ್ತಬಾರದು ಏಕೆಂದು ತಿಳಿಯಬೇಕಾದರೆ ಮೊಟ್ಟೆ ಹೇಗೆ ತಯಾರಾಗುತ್ತದೆ ಎಂಬುದು ಸ್ವಲ್ಪವಾದರೂ ಗೊತ್ತಿರಬೇಕು. ಹೇಂಟೆಯಲ್ಲಿ ಸಾಮಾನ್ಯವಾಗಿ ಎಡಬದಿಯ ಅಂಡಾಶಯ ಮತ್ತು ಅಂಡನಾಳಗಳು ಮಾತ್ರ ಕೆಲಸ ಮಾಡುತ್ತವೆ. ಅಂಡಾಶಯದಿಂದ ಬಿಡುಗಡೆಯಾದ ಹಳದಿ ಭಾಗವನ್ನು ಅಂಡನಾಳದ ಆಲಿಕೆಯಂಥ ಬಾಯಿ ಹಿಡಿದುಕೊಳ್ಳುತ್ತದೆ. ಅಲ್ಲಿಂದ ಮುಂದಿನ ಭಾಗದಲ್ಲಿ ಸುಮಾರು 3 ಗಂಟೆಗಳ ಕಾಲ ಬಿಳಿ ಲೋಳೆ ಸುತ್ತಿಕೊಳ್ಳುತ್ತದೆ, ಆಮೇಲೆ ಒಂದು ಗಂಟೆಗೂ ತುಸು ಹೆಚ್ಚು ಹೊತ್ತಿನಲ್ಲಿ ಪೊರೆಗಳು ಕಟ್ಟಿಕೊಳ್ಳುತ್ತವೆ, ಕೊನೆಗೆ ಚಿಪ್ಪುಗ್ರಂಥಿಯಲ್ಲಿ ಸುಮಾರು 20 ಗಂಟೆ ಕೂತು ಗಟ್ಟಿ ಚಿಪ್ಪನ್ನು ಪಡೆಯುತ್ತದೆ. ಒಟ್ಟು 24ರಿಂದ 26 ಗಂಟೆಗಳ ಈ ಪಯಣದಲ್ಲಿ ಬಹುಪಾಲು ಹೊತ್ತು ಚಿಪ್ಪಿಗೇ ಹೋಗುತ್ತದೆ. ಚಿಪ್ಪಿನ ನೂರಕ್ಕೆ 90ಕ್ಕಿಂತ ಹೆಚ್ಚು ಭಾಗ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣವೇ. ಒಂದೊಂದು ಮೊಟ್ಟೆಗೂ ಹೇಂಟೆ ಹತ್ತಿರಹತ್ತಿರ 2 ಗ್ರಾಂ ಕ್ಯಾಲ್ಸಿಯಂ ವ್ಯಯಿಸಬೇಕಾಗುತ್ತದೆ. ಚಿಪ್ಪು ಕಟ್ಟುವ ಕೆಲಸ ಹೆಚ್ಚಾಗಿ ರಾತ್ರಿಯಲ್ಲಿ, ಕೋಳಿ ಮೇವು ತಿನ್ನದ ಹೊತ್ತಿನಲ್ಲಿ ನಡೆಯುವುದರಿಂದ, ಅದು ತನ್ನ ಮೂಳೆಯೊಳಗಿನ ದಾಸ್ತಾನಿನಿಂದ ಸುಣ್ಣವನ್ನು ಎರವಲು ತೆಗೆಯುತ್ತದೆ.

ಇಲ್ಲಿ ಬಹಳ ಜನ ಗಮನಿಸದ ಒಂದು ಸಂಗತಿ ಇದೆ. ಕ್ಯಾಲ್ಸಿಯಂ ಬೇಕಾಗಿರುವುದು ಚಿಪ್ಪಿಗೆ ಮಾತ್ರವಲ್ಲ. ಮೊಟ್ಟೆಯನ್ನು ಹೊರದೂಡುವ ಸ್ನಾಯುಗಳು ಸಂಕುಚಿಸುವುದಕ್ಕೂ ರಕ್ತದಲ್ಲಿ ಕ್ಯಾಲ್ಸಿಯಂ ಇರಬೇಕು. ಅದು ಸಾಲದಾದಾಗ ಚಿಪ್ಪು ತೆಳುವಾಗುತ್ತದೆ, ಜೊತೆಗೆ ದೂಡುವ ಬಲವೂ ಕುಂದುತ್ತದೆ. ಹಾಗಾಗಿ ಸಿಕ್ಕಿಕೊಂಡ ಮೊಟ್ಟೆ ಎಷ್ಟೋ ಸಲ ದುರ್ಬಲವಾದ ಚಿಪ್ಪಿನ ಮೊಟ್ಟೆಯೇ ಆಗಿರುತ್ತದೆ. ಅಂಥದನ್ನು ಹೊರಗಿನಿಂದ ಒತ್ತಿದರೆ ಒಡೆಯದೆ ಏನಾಗುತ್ತದೆ? ಒಡೆದ ಚಿಪ್ಪಿನ ಅಂಚುಗಳು ಅಂಡನಾಳದ ಮೃದುವಾದ ಒಳಪದರವನ್ನು ಕೊಯ್ಯುತ್ತವೆ. ಲೋಳೆ ಅಲ್ಲಿ ಉಳಿದರೆ ಸೂಕ್ಷ್ಮಾಣುಗಳಿಗೆ ಅದಕ್ಕಿಂತ ಒಳ್ಳೆಯ ನೆಲೆ ಬೇರೆ ಬೇಕಿಲ್ಲ. ಕೆಲವೊಮ್ಮೆ ಅಂಡನಾಳವೇ ಹರಿಯುತ್ತದೆ, ಇಲ್ಲವೆ ಒಳಗಿನ ಭಾಗವೆಲ್ಲ ಹೊರಕ್ಕೆ ಜಾರಿಬಿಡುತ್ತದೆ. ಇದಲ್ಲದೆ ಕೋಳಿಗೆ ನಮ್ಮಂತೆ ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇದ್ದು ಉಸಿರಾಟಕ್ಕೆ ನೆರವಾಗುವ ಸ್ನಾಯುಪದರ, ಇಲ್ಲ. ಎದೆಗೂಡು ಹಿಗ್ಗಿ ಕುಗ್ಗಿದರೆ ಮಾತ್ರ ಅದು ಉಸಿರಾಡಬಲ್ಲದು. ಒತ್ತುವ ಭರದಲ್ಲಿ ಎದೆಯನ್ನು ಬಿಗಿಯಾಗಿ ಹಿಡಿದರೆ, ಮೊದಲೇ ಸೋತ ಹಕ್ಕಿ ಉಸಿರುಕಟ್ಟಿ ಕೈಯಲ್ಲೇ ಸಾಯಬಹುದು.

ಹಾಗಾದರೆ ಮೊದಲು ಗುರುತಿಸುವುದು ಹೇಗೆ? ಒಂದು ದಿನ ಮೊಟ್ಟೆ ಇಡಲಿಲ್ಲ ಎಂದಾಕ್ಷಣ ಗಾಬರಿಯಾಗಬೇಕಿಲ್ಲ. ಮೊಟ್ಟೆ ತಯಾರಾಗಲು 24 ಗಂಟೆಗಿಂತ ಸ್ವಲ್ಪ ಹೆಚ್ಚು ಕಾಲ ಬೇಕಾಗುವುದರಿಂದ ಇಡುವ ಹೊತ್ತು ದಿನದಿಂದ ದಿನಕ್ಕೆ ಹಿಂದೆ ಬೀಳುತ್ತಾ ಹೋಗಿ, ಕೊನೆಗೆ ಒಂದು ದಿನ ಖಾಲಿ ಹೋಗುವುದು ಸಹಜ. ಗರಿ ಉದುರಿಸಿ ಹೊಸ ಗರಿ ಹೊರಡಿಸುವ ಕಾಲದಲ್ಲಿ ವಾರಗಟ್ಟಲೆ ಮೊಟ್ಟೆ ನಿಲ್ಲುತ್ತದೆ. ಹಗಲು ಕಿರಿದಾದಾಗ, ಸೆಖೆ ವಿಪರೀತವಾದಾಗ, ಹೊಸ ಕೋಳಿ ಬಂದು ಗುಂಪಿನಲ್ಲಿ ಜಗಳ ಹುಟ್ಟಿದಾಗಲೂ ನಿಲ್ಲುತ್ತದೆ. ಇಂಥ ಹೊತ್ತಿನಲ್ಲಿ ಹೇಂಟೆ ಮೇಯುತ್ತದೆ, ಓಡಾಡುತ್ತದೆ, ಧೂಳಿನಲ್ಲಿ ಹೊರಳಾಡುತ್ತದೆ. ಹೇಂಟೆಯ ನಡವಳಿಕೆಯೇ ಬದಲಾದರೆ ಅದು ಬೇರೆ ಮಾತು, ಆಗ ತಡಮಾಡಬಾರದು.

ಕಾವು ಕೂತ ಕೋಳಿಯನ್ನೂ ಮೊಟ್ಟೆ ಸಿಕ್ಕಿಕೊಂಡ ಕೋಳಿಯನ್ನೂ ಒಂದೇ ಎಂದುಕೊಂಡು ನಾನು ಅಂದು ಮೋಸಹೋದೆ. ಎರಡೂ ಪೆಟ್ಟಿಗೆ ಬಿಡುವುದಿಲ್ಲ, ಎರಡೂ ಮೈಯುಬ್ಬಿಸುತ್ತವೆ. ಆದರೆ ಕಾವು ಕೂತ ಹೇಂಟೆಯ ಬಳಿ ಕೈ ಒಯ್ದರೆ ಅದು ಗರಿ ಕೆದರಿ, ಗುರುಗುಟ್ಟಿ, ಕುಕ್ಕಲು ಬರುತ್ತದೆ. ಅದರ ಕಣ್ಣು ಚುರುಕಾಗಿರುತ್ತದೆ. ದಿನಕ್ಕೊಮ್ಮೆ ಎದ್ದು ಬಂದು ಗಬಗಬನೆ ತಿಂದು, ನೀರು ಕುಡಿದು, ದೊಡ್ಡದಾದ, ನಾತ ಬೀರುವ ಹಿಕ್ಕೆ ಹಾಕಿ ಮತ್ತೆ ಹೋಗಿ ಕೂರುತ್ತದೆ. ಮೊಟ್ಟೆ ಸಿಕ್ಕಿಕೊಂಡ ಹೇಂಟೆಗೆ ಕುಕ್ಕುವ ಮನಸ್ಸೇ ಇರುವುದಿಲ್ಲ. ಎತ್ತಿದರೂ ಸುಮ್ಮನಿರುತ್ತದೆ. ಪದೇ ಪದೇ ತಿಣುಕುತ್ತದೆ, ಹಿಂಭಾಗದ ದ್ವಾರ ತೆರೆದು ಮುಚ್ಚುತ್ತಿರುತ್ತದೆ, ಹಿಕ್ಕೆ ನಿಂತುಹೋಗುತ್ತದೆ ಇಲ್ಲವೆ ನೀರುನೀರಾಗಿ ತೊಟ್ಟಿಕ್ಕುತ್ತದೆ. ಜುಟ್ಟಿನ ಕೆಂಪು ಮಾಸುತ್ತದೆ. ಬಾತಿನಂತೆ ಅಗಲಗಾಲು ಹಾಕಿ ನಡೆಯುತ್ತದೆ. ಒಳಗಿನ ಮೊಟ್ಟೆ ಕಾಲಿಗೆ ಹೋಗುವ ನರವನ್ನು ಅದುಮಿದಾಗ ಕುಂಟುವುದೂ ಉಂಟು, ಹಾಗಾಗಿ ಕೆಲವರು ಕಾಲಿಗೆ ಪೆಟ್ಟಾಗಿದೆಯೆಂದು ಕಾಲಿಗೇ ಔಷಧಿ ಹಚ್ಚುತ್ತಾ ಅಮೂಲ್ಯವಾದ ಹೊತ್ತನ್ನು ಕಳೆಯುತ್ತಾರೆ.

ಸಂದೇಹ ಬಂದರೆ ಕೋಳಿಯನ್ನು ಮೆಲ್ಲನೆ ಕಂಕುಳಲ್ಲಿ ಇರಿಸಿಕೊಂಡು, ಬಾಲದ ಕೆಳಗೆ ಎರಡು ಕಡೆ ಚೂಪಾಗಿ ತಗಲುವ ಎಲುಬುಗಳ ನಡುವೆ ಮತ್ತು ಅವುಗಳ ಮುಂದಿನ ಹೊಟ್ಟೆಯ ಭಾಗದಲ್ಲಿ ಬೆರಳ ತುದಿಯಿಂದ ಮುಟ್ಟಿ ನೋಡಬೇಕು. ಮೊಟ್ಟೆಯಿಡುವ ಹೇಂಟೆಯಲ್ಲಿ ಈ ಎಲುಬುಗಳ ನಡುವೆ ಎರಡು ಮೂರು ಬೆರಳು ಹಿಡಿಸುವಷ್ಟು ಜಾಗವಿರುತ್ತದೆ. ಗುಂಡಗೆ, ಗಟ್ಟಿಯಾಗಿ ತಗಲಿದರೆ ಅದು ಮೊಟ್ಟೆ. ತಗಲದಿದ್ದರೆ ಮೊಟ್ಟೆ ಇಲ್ಲವೆಂದು ತೀರ್ಮಾನಿಸಬಾರದು. ಚಿಪ್ಪು ಕಟ್ಟದ, ಬರೀ ಪೊರೆಯ ಮೊಟ್ಟೆ ಬೆರಳಿಗೆ ಸಿಗುವುದಿಲ್ಲ, ಸ್ನಾಯುಗಳ ಹಿಡಿತಕ್ಕೂ ಸಿಗದ ಕಾರಣ ಗಟ್ಟಿ ಮೊಟ್ಟೆಗಿಂತ ಅದೇ ಹೆಚ್ಚು ಕಾಡುವುದುಂಟು. ಮುಟ್ಟುವಾಗ ಕತ್ತಿನ ಬುಡದಲ್ಲಿ ತಿಂದ ಮೇವು ಮೊದಲು ಸೇರುವ ಗಂಟಲಚೀಲವನ್ನೂ ಒಮ್ಮೆ ನೋಡುವುದು ಒಳ್ಳೆಯದು. ಬೆಳಗಿನ ಹೊತ್ತು, ಮೇಯುವುದಕ್ಕೆ ಮೊದಲೇ ಅದು ಗಟ್ಟಿಯಾಗಿ ತುಂಬಿಕೊಂಡಿದ್ದರೆ ತೊಂದರೆ ಅಲ್ಲಿರಬಹುದು.

ಈಗ ಚಿಕಿತ್ಸೆಯ ವಿಚಾರ. ಮೊದಲನೆಯ ಕೆಲಸ, ಕೋಳಿಯನ್ನು ಗುಂಪಿನಿಂದ ಬೇರೆ ಮಾಡಿ ಬೆಚ್ಚಗಿನ, ಮಬ್ಬುಗತ್ತಲಿನ, ಸದ್ದಿಲ್ಲದ ಜಾಗದಲ್ಲಿ ಇರಿಸುವುದು. ಸುತ್ತಲಿನ ಗಾಳಿ 27ರಿಂದ 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಸಾಕು. ಕುಡಿಯಲು ನೀರು ಎಟುಕುವಂತಿರಬೇಕು. ನೀರಿನಂಶ ಕಡಿಮೆಯಾದ ಮೈಯಲ್ಲಿ ಅಂಡನಾಳವೂ ಒಣಗಿರುತ್ತದೆ. ವೈದ್ಯರನ್ನು ಫೋನಿನಲ್ಲಿ ಕೇಳಿ, ಅವರು ಹೇಳಿದ ಪ್ರಮಾಣದಲ್ಲಿ ಕ್ಯಾಲ್ಸಿಯಂ ಕೊಡಬೇಕು. ಕೋಳಿ ತಾನಾಗಿ ನುಂಗುವ ಸ್ಥಿತಿಯಲ್ಲಿದ್ದರೆ ಮಾತ್ರ ಬಾಯಿಗೆ ಕೊಡಬೇಕೇ ಹೊರತು ಕತ್ತು ಜೋತುಬಿದ್ದ ಹಕ್ಕಿಯ ಬಾಯಿಗೆ ಏನನ್ನೂ ಸುರಿಯಬಾರದು, ಅದು ಶ್ವಾಸನಾಳಕ್ಕೆ ಇಳಿಯುತ್ತದೆ.

ಎರಡನೆಯದು ಬಿಸಿನೀರಿನ ಸ್ನಾನ. ಆಳವಾದ ಬಕೆಟ್ಟು ಅಥವಾ ಬೋಗುಣಿಯಲ್ಲಿ 38ರಿಂದ 40 ಡಿಗ್ರಿಯಷ್ಟು ಬೆಚ್ಚಗಿನ ನೀರು ತೆಗೆದುಕೊಂಡು, ಹೊಟ್ಟೆ ಮತ್ತು ಹಿಂಭಾಗ ಮುಳುಗುವಂತೆ, ತಲೆ ಎದೆ ಮೇಲಿರುವಂತೆ ಕೋಳಿಯನ್ನು 15ರಿಂದ 20 ನಿಮಿಷ ಕೂರಿಸಬೇಕು. ಕೋಳಿಯ ಮೈಬಿಸಿ 41 ಡಿಗ್ರಿಯ ಸುತ್ತಮುತ್ತ ಇರುವುದರಿಂದ ನಮಗೆ ಹಿತವೆನಿಸುವ ಬಿಸಿ ಅದಕ್ಕೂ ಹಿತವೇ. ಆದರೆ ನಮ್ಮ ಮುಂಗೈಗೆ ಚುರುಕ್ಕೆನ್ನುವ ನೀರು ಅದಕ್ಕೂ ಬೇಡ. ನೀರು ತಣ್ಣಗಾಗುತ್ತಿದ್ದಂತೆ ಸ್ವಲ್ಪಸ್ವಲ್ಪವೇ ಬಿಸಿನೀರು ಬೆರೆಸಬೇಕು, ಹಾಗೆ ಬೆರೆಸುವಾಗ ಕೋಳಿಯ ಮೈಮೇಲೆ ಬೀಳದಂತೆ ಕೈ ಅಡ್ಡ ಇಡಬೇಕು. ಮೊದಲ ಒಂದು ನಿಮಿಷ ರೆಕ್ಕೆ ಬಡಿಯುವ ಕೋಳಿ ಆಮೇಲೆ ತಾನಾಗಿ ಸಡಿಲವಾಗಿ ಕಣ್ಣು ಮುಚ್ಚುವುದನ್ನು ನಾನು ನೋಡಿದ್ದೇನೆ. ಸ್ನಾನವಾದ ಮೇಲೆ ಬಟ್ಟೆಯಿಂದ ಒರಸಿ, ಪೂರ್ತಿ ಒಣಗಿಸಲೇಬೇಕು. ಒದ್ದೆ ಗರಿಯ ಕೋಳಿ ಚಳಿಹಿಡಿದರೆ ಮಾಡಿದ ಉಪಕಾರವೆಲ್ಲ ಅಪಕಾರವಾಗುತ್ತದೆ. ಒಣಗಿದ ಮೇಲೆ ಕೈಗೆ ಹೊಸ ಗ್ಲೌಸ್ ಹಾಕಿಕೊಂಡು, ನೀರಿನಲ್ಲಿ ಕರಗುವ ಜಾರುಲೇಪವನ್ನು (ಲೂಬ್ರಿಕೆಂಟ್ ಜೆಲ್ಲಿ) ದ್ವಾರದ ಅಂಚಿಗೂ ಅದರ ಒಳಗೆ ಸ್ವಲ್ಪವೇ ದೂರಕ್ಕೂ ಸವರಬಹುದು. ಬೆರಳನ್ನು ಆಳಕ್ಕೆ ತೂರಿಸಬಾರದು, ಮೊಟ್ಟೆಯನ್ನು ಹಿಡಿದೆಳೆಯಬಾರದು.

ಇಷ್ಟು ಮಾಡಿ ಕತ್ತಲ ಪೆಟ್ಟಿಗೆಯಲ್ಲಿ ಬಿಟ್ಟರೆ ಎಷ್ಟೋ ಹೇಂಟೆಗಳು ತಾವಾಗಿಯೇ ಮೊಟ್ಟೆ ಇಡುತ್ತವೆ. ಮೊದಲ ಕೋಳಿ ಸತ್ತ ಮರುವರ್ಷ ಇನ್ನೊಂದು ಹೇಂಟೆಗೆ ಅದೇ ಸ್ಥಿತಿ ಬಂತು. ಈ ಸಲ ಮಧ್ಯಾಹ್ನದೊಳಗೇ ಗುರುತಿಸಿದೆ. ಎರಡು ಬಾರಿ ಸ್ನಾನ ಮಾಡಿಸಿ, ವೈದ್ಯರು ಹೇಳಿದಷ್ಟು ಕ್ಯಾಲ್ಸಿಯಂ ನುಂಗಿಸಿ, ಹಳೆಯ ಬಟ್ಟೆ ಹಾಸಿದ ಪೆಟ್ಟಿಗೆಯಲ್ಲಿ ಬಿಟ್ಟು ಬಾಗಿಲು ಮುಂದೆ ಮಾಡಿದೆ. ಪದೇ ಪದೇ ಇಣುಕಿ ನೋಡುವ ಆಸೆಯನ್ನು ತಡೆದುಕೊಳ್ಳುವುದೇ ಕಷ್ಟವಾಯಿತು. ರಾತ್ರಿ ಊಟದ ಹೊತ್ತಿಗೆ ಪೆಟ್ಟಿಗೆಯೊಳಗಿಂದ ಕೊಕ್ಕೊಕ್ಕೋ ಎಂಬ ಸದ್ದು ಕೇಳಿಸಿತು. ಹೋಗಿ ನೋಡಿದರೆ ಮೊಟ್ಟೆ ಬಟ್ಟೆಯ ಮೇಲಿತ್ತು, ಹೇಂಟೆ ಎದ್ದು ನಿಂತು ನೀರು ಕುಡಿಯುತ್ತಿತ್ತು. ಆ ಮೊಟ್ಟೆಯನ್ನು ದೀಪದ ಬಳಿ ಹಿಡಿದು ನೋಡಿದೆ. ಒಂದು ತುದಿಯಲ್ಲಿ ಸುಣ್ಣದ ಪುಡಿ ಉದುರಿಸಿದಂತೆ ಬೆಳ್ಳಗೆ, ಒರಟಾಗಿತ್ತು. ಚಿಪ್ಪುಗ್ರಂಥಿಯಲ್ಲಿ ಇರಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಉಳಿದ ಮೊಟ್ಟೆಯ ಮೇಲೆ ಹೀಗೆ ಹೆಚ್ಚುವರಿ ಸುಣ್ಣ ಕೂರುತ್ತದೆ. ಅಂಥ ಮೊಟ್ಟೆ ಕಂಡಾಗ ಆ ಹೇಂಟೆಯ ಮೇಲೆ ಮುಂದಿನ ದಿನಗಳಲ್ಲಿ ಒಂದು ಕಣ್ಣಿಡಬೇಕು.

ಎಣ್ಣೆ ಕುಡಿಸಿದರೆ ಮೊಟ್ಟೆ ಜಾರಿ ಬರುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. ಬಾಯಿಂದ ಹೋದ ಎಣ್ಣೆ ಕರುಳಿಗೆ ಹೋಗುತ್ತದೆ. ಅಂಡನಾಳ ಬೇರೆಯೇ ಒಂದು ದಾರಿ. ಎರಡೂ ಕೂಡುವುದು ಕಟ್ಟಕಡೆಗೆ, ಹಿಂಭಾಗದ ದ್ವಾರಕ್ಕೆ ಸ್ವಲ್ಪ ಮುಂಚೆ ಇರುವ ಸಾಮಾನ್ಯ ಕೋಣೆಯಲ್ಲಿ ಮಾತ್ರ. ಆದ್ದರಿಂದ ಕುಡಿಸಿದ ಎಣ್ಣೆ ಸಿಕ್ಕಿಕೊಂಡ ಮೊಟ್ಟೆಯ ಹತ್ತಿರಕ್ಕೂ ಸುಳಿಯುವುದಿಲ್ಲ. ಭೇದಿ ಹಿಡಿಸಿ, ಇರುವ ನೀರಿನಂಶವನ್ನೂ ಕಳೆಯುತ್ತದೆ. ಹಾಗೆಯೇ ಯಾವುದೋ ಹಳೆಯ ಪ್ರತಿಜೈವಿಕದ ಪುಡಿಯನ್ನು ನೀರಿಗೆ ಬೆರೆಸುವುದೂ ಸರಿಯಲ್ಲ. ಸೋಂಕಿಲ್ಲದೆ ಬರೀ ಮೊಟ್ಟೆ ಸಿಕ್ಕಿಕೊಂಡಿದ್ದರೆ ಅದರಿಂದ ಪ್ರಯೋಜನವಿಲ್ಲ, ಔಷಧಿಯ ಅಂಶ ಮೊಟ್ಟೆಗಳಿಗೂ ಇಳಿಯುತ್ತದೆ. ವೈದ್ಯರು ಪ್ರತಿಜೈವಿಕ ಬರೆದುಕೊಟ್ಟಾಗ ಎಷ್ಟು ದಿನ ಆ ಹೇಂಟೆಯ ಮೊಟ್ಟೆಯನ್ನು ತಿನ್ನಬಾರದು ಎಂಬುದನ್ನು ಅವರ ಬಾಯಿಂದಲೇ ಕೇಳಿ ತಿಳಿಯಬೇಕು.

ಮನೆಯ ಉಪಚಾರಕ್ಕೆ ಒಂದು ಮಿತಿ ಇದೆ, ಆ ಮಿತಿ ಗಂಟೆಗಳ ಲೆಕ್ಕದ್ದು, ದಿನಗಳದ್ದಲ್ಲ. ಸ್ನಾನ ಮತ್ತು ಕ್ಯಾಲ್ಸಿಯಂ ಕೊಟ್ಟ ಕೆಲವು ಗಂಟೆಗಳಲ್ಲಿ ಸುಧಾರಣೆ ಕಾಣದಿದ್ದರೆ, ಅಥವಾ ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ, ನಿಲ್ಲಲಾರದಂತಾದರೆ, ರಕ್ತ ಕಂಡರೆ ಕೂಡಲೇ ವೈದ್ಯರ ಬಳಿ ಒಯ್ಯಬೇಕು. ಚಿಕಿತ್ಸೆಯಿಲ್ಲದೆ ಒಂದೆರಡು ದಿನ ಕಳೆದರೆ ಬಹಳಷ್ಟು ಹೇಂಟೆಗಳು ಉಳಿಯುವುದಿಲ್ಲ. ವೈದ್ಯರ ಬಳಿ ಇರುವ ಸಾಧನಗಳು ನಮ್ಮ ಬಳಿ ಇಲ್ಲ. ಎಕ್ಸ್-ರೇ ತೆಗೆದು ಮೊಟ್ಟೆ ಎಲ್ಲಿದೆ, ಎಷ್ಟು ದೊಡ್ಡದಿದೆ, ಒಂದೋ ಎರಡೋ ಎಂದು ನೋಡುತ್ತಾರೆ. ಚಿಪ್ಪಿಲ್ಲದ್ದಾದರೆ ಅಲ್ಟ್ರಾಸೌಂಡ್ ಬೇಕಾಗುತ್ತದೆ. ಚುಚ್ಚುಮದ್ದಿನ ಮೂಲಕ ಕ್ಯಾಲ್ಸಿಯಂ, ದೇಹಕ್ಕೆ ದ್ರವ, ನೋವು ಕಡಿಮೆ ಮಾಡುವ ಔಷಧಿ ಕೊಡುತ್ತಾರೆ. ಸ್ನಾಯುಗಳನ್ನು ಪ್ರಚೋದಿಸುವ ಹಾರ್ಮೋನುಗಳನ್ನು ದಾರಿ ತೆರೆದಿದೆಯೆಂದು ಖಚಿತವಾದ ಮೇಲೆಯೇ ಬಳಸುತ್ತಾರೆ, ಏಕೆಂದರೆ ದಾರಿ ಮುಚ್ಚಿರುವಾಗ ದೂಡುವ ಬಲ ಹೆಚ್ಚಿಸಿದರೆ ಅಂಡನಾಳ ಹರಿಯಬಹುದು. ಯಾವುದಕ್ಕೂ ಬಗ್ಗದಿದ್ದಾಗ ಸೂಜಿಯಿಂದ ಮೊಟ್ಟೆಯೊಳಗಿನ ಲೋಳೆಯನ್ನು ಹೀರಿ ತೆಗೆದು, ಚಿಪ್ಪನ್ನು ಎಚ್ಚರದಿಂದ ಕುಗ್ಗಿಸಿ ಹೊರತೆಗೆಯುತ್ತಾರೆ. ಮೊಟ್ಟೆ ಒಡೆಯುವುದು ಅಲ್ಲಿಯೂ ಉಂಟಲ್ಲವೇ ಎಂದು ಕೇಳುವವರಿಗೆ ಹೇಳಬೇಕಾದದ್ದು ಇಷ್ಟು: ಅದನ್ನು ಅರಿವಳಿಕೆ ಅಥವಾ ಮಂಪರಿನ ಔಷಧಿ ಕೊಟ್ಟು, ಕಣ್ಣಿಗೆ ಕಾಣುವಂತೆ, ಚೂರುಗಳ ಲೆಕ್ಕವಿಟ್ಟು ಮಾಡುತ್ತಾರೆ.

ಒಳಗಿನ ಭಾಗ ಹೊರಕ್ಕೆ ಜಾರಿರುವುದು ಇನ್ನೊಂದು ತುರ್ತು ಸಂದರ್ಭ. ಮೊಟ್ಟೆ ಇಡುವ ಕ್ಷಣದಲ್ಲಿ ಅಂಡನಾಳದ ತುದಿ ಸ್ವಲ್ಪ ಹೊರಮಗುಚಿ ಮತ್ತೆ ಒಳಗೆ ಹೋಗುವುದು ಸಹಜ. ಮೊಟ್ಟೆಗೆ ಹಿಕ್ಕೆ ತಾಗದಿರಲೆಂದು ಇರುವ ವ್ಯವಸ್ಥೆ ಅದು. ಅದು ಒಳಗೆ ಹೋಗದೆ ಕೆಂಪಾಗಿ, ಒದ್ದೆಯಾಗಿ ಹೊರಗೇ ಉಳಿದರೆ ಉಳಿದ ಕೋಳಿಗಳು ಕೆಂಪು ಕಂಡು ಕುಕ್ಕತೊಡಗುತ್ತವೆ, ಕರುಳೂ ಹೊರಬರುವ ತನಕ ಬಿಡುವುದಿಲ್ಲ. ಆದ್ದರಿಂದ ಮೊದಲು ಬೇರ್ಪಡಿಸಬೇಕು. ಉಗುರುಬೆಚ್ಚಗಿನ ಉಪ್ಪುನೀರಿನಿಂದ, ಅಂದರೆ ಒಂದು ಲೀಟರಿಗೆ 9 ಗ್ರಾಂ ಉಪ್ಪು ಬೆರೆಸಿದ ನೀರಿನಿಂದ ತೊಳೆದು, ಒಣಗದಂತೆ ಜಾರುಲೇಪ ಸವರಿ, ಒದ್ದೆ ಬಟ್ಟೆ ಮುಚ್ಚಿ ವೈದ್ಯರ ಬಳಿ ಹೋಗಬೇಕು. ಚಿಕ್ಕದಾಗಿದ್ದು ಹೊಸದಾಗಿ ಆಗಿದ್ದರೆ ಗ್ಲೌಸ್ ಹಾಕಿದ ಬೆರಳಿನಿಂದ ಮೆಲ್ಲಗೆ ಒಳಗೆ ಸೇರಿಸಬಹುದು, ಆದರೆ ಕಪ್ಪಾಗಿದ್ದರೆ, ಹರಿದಿದ್ದರೆ ಅಥವಾ ಒಳಗೆ ಮೊಟ್ಟೆ ಕಾಣುತ್ತಿದ್ದರೆ ಕೈ ಹಾಕಬಾರದು.

ಹೊಟ್ಟೆ ಉಬ್ಬಿದ ಎಲ್ಲ ಹೇಂಟೆಗಳಿಗೂ ಮೊಟ್ಟೆ ಸಿಕ್ಕಿಕೊಂಡಿರುವುದಿಲ್ಲ. ಹಳದಿ ಭಾಗವು ಅಂಡನಾಳದ ಬಾಯಿಗೆ ಸಿಗದೆ ಹೊಟ್ಟೆಯ ಪೊಳ್ಳಿನಲ್ಲಿ ಬಿದ್ದು, ಅಲ್ಲಿ ಸಾಮಾನ್ಯವಾಗಿ ಇ. ಕೊಲೈ ಸೂಕ್ಷ್ಮಾಣುವಿನ ಸೋಂಕು ತಗುಲಿದಾಗ ಹೊಟ್ಟೆ ನೀರು ತುಂಬಿದ ಚೀಲದಂತೆ ಮೆತ್ತಗೆ ಜೋಲುತ್ತದೆ. ಕೋಳಿ ದಿನದಿಂದ ದಿನಕ್ಕೆ ಬಡಕಲಾಗುತ್ತದೆ, ಎದೆಯ ಮೂಳೆ ಚೂಪಾಗಿ ತಗಲುತ್ತದೆ. ಅಂಡನಾಳದ ದೀರ್ಘಕಾಲದ ಉರಿಯೂತದಲ್ಲಿ ರಬ್ಬರಿನಂಥ, ಪದರಪದರವಾದ ಹಳದಿ ಗಡ್ಡೆಗಳು ಮೊಟ್ಟೆಯ ಬದಲು ಬೀಳುತ್ತವೆ. ಎರಡು ಮೂರು ವರ್ಷ ದಾಟಿದ ಹೇಂಟೆಗಳಲ್ಲಿ ಅಂಡಾಶಯದ ಕ್ಯಾನ್ಸರ್ ಕೂಡ ಅಪರೂಪವಲ್ಲ. ಇವಕ್ಕೆ ಬಿಸಿನೀರಿನ ಸ್ನಾನ ಮದ್ದಲ್ಲ. ಸೋಂಕು ಬೇಗ ಪತ್ತೆಯಾದರೆ ವೈದ್ಯರು ಔಷಧಿಯಿಂದ ಕೆಲವನ್ನು ಉಳಿಸಬಲ್ಲರು. ತಡವಾದರೆ ನೋವಿಲ್ಲದ ಸಾವನ್ನು ಕೊಡುವುದೇ ಕರುಣೆ ಎಂದು ಅವರು ಹೇಳಬಹುದು, ಆಗ ಸಾಕಿದವರು ಅದನ್ನು ಒಪ್ಪಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಹಿತ್ತಲಿನ ಎಲ್ಲ ಕೋಳಿಗಳೂ ಒಟ್ಟಿಗೇ ಮೊಟ್ಟೆ ನಿಲ್ಲಿಸಿದರೆ, ಚಿಪ್ಪುಗಳು ಸುಕ್ಕುಗಟ್ಟಿ ಬರತೊಡಗಿದರೆ, ಸೀನು ಕೆಮ್ಮು ಕಾಣಿಸಿದರೆ ಅದು ಒಂದು ಹೇಂಟೆಯ ಸಮಸ್ಯೆಯಲ್ಲ. ಕೊಕ್ಕರೆ ರೋಗ (ರಾಣಿಖೇತ್ ಎಂಬ ಕೋಳಿಗಳ ಅಂಟುರೋಗ) ಅಥವಾ ಶ್ವಾಸನಾಳದ ಸಾಂಕ್ರಾಮಿಕ ರೋಗವಿರಬಹುದು, ತಡಮಾಡದೆ ಪಶುವೈದ್ಯರಿಗೆ ತಿಳಿಸಬೇಕು.

ಬಾರದಂತೆ ತಡೆಯುವ ಮಾತು ಬಂದಾಗ ನಾನು ಮೊದಲು ಹೇಳುವುದು ಮೇವಿನ ಬಗ್ಗೆ. ಕೋಳಿಗಳ ಮೂಲವಾದ ಕೆಂಪು ಕಾಡುಕೋಳಿ ವರ್ಷಕ್ಕೆ ಹತ್ತು ಹದಿನೈದು ಮೊಟ್ಟೆ ಇಡುತ್ತದೆ. ನಾವು ತಳಿ ಆಯ್ದು ಆಯ್ದು ವರ್ಷಕ್ಕೆ 300ರವರೆಗೆ ಇಡುವ ಹೇಂಟೆಗಳನ್ನು ಮಾಡಿಕೊಂಡಿದ್ದೇವೆ. ಇಷ್ಟು ದುಡಿಸಿಕೊಳ್ಳುವಾಗ ಅದರ ಮೂಳೆಯನ್ನು ಕರಗಿಸದಿರುವ ಹೊಣೆಯೂ ನಮ್ಮದೇ. ಬರೀ ಕಾಳು, ಅಡುಗೆಮನೆಯಲ್ಲಿ ಮಿಕ್ಕದ್ದು ಹಾಕಿದರೆ ಸಾಲದು. ಮೊಟ್ಟೆ ಕೋಳಿಯ ಮೇವಿನಲ್ಲಿ ನೂರಕ್ಕೆ 16ರಿಂದ 18 ಪ್ರೋಟೀನು, 3.5ರಿಂದ 4.5 ಕ್ಯಾಲ್ಸಿಯಂ ಇರಬೇಕು. ಇದರ ಜೊತೆಗೆ ಕಪ್ಪೆಚಿಪ್ಪಿನ ತರಿಯನ್ನು ಬೇರೆ ಬಟ್ಟಲಲ್ಲಿ ಇಟ್ಟರೆ ಬೇಕಾದ ಹೇಂಟೆ ಬೇಕಾದಷ್ಟು ತಿನ್ನುತ್ತದೆ. ನನ್ನ ಕೋಳಿಗಳು ಸಂಜೆ ಗೂಡು ಸೇರುವ ಮುಂಚೆ ಆ ಬಟ್ಟಲಿಗೆ ಮುಗಿಬೀಳುವುದನ್ನು ನೋಡುತ್ತೇನೆ. ರಾತ್ರಿಯ ಚಿಪ್ಪಿನ ಕೆಲಸಕ್ಕೆ ಅವುಗಳಿಗೆ ಅದು ಬೇಕು. ಆದರೆ ಮೊಟ್ಟೆಗೆ ಬಾರದ ಮರಿಗಳಿಗೆ ಈ ಮೇವನ್ನು ಹಾಕಬಾರದು, ಅತಿಯಾದ ಸುಣ್ಣ ಅವುಗಳ ಮೂತ್ರಪಿಂಡವನ್ನು ಕೆಡಿಸುತ್ತದೆ. ಮೊಟ್ಟೆಗೆ ಬೇಗ ತರಬೇಕೆಂಬ ಆತುರದಿಂದ ಎಳೆಯ ಹೇಂಟೆಗಳ ಗೂಡಿಗೆ ಇಡೀ ರಾತ್ರಿ ದೀಪ ಹಾಕುವುದೂ ತಪ್ಪು. ಮೈ ಬಲಿಯುವ ಮೊದಲೇ ಮೊಟ್ಟೆಗೆ ಬಂದ ಹೇಂಟೆಗೆ ಮೊಟ್ಟೆ ಸಿಕ್ಕಿಕೊಳ್ಳುವ ಸಾಧ್ಯತೆ ಹೆಚ್ಚು. ಕೊಬ್ಬಿದ ಹೇಂಟೆಯೂ ಹಾಗೆಯೇ. ಓಡಾಡಲು ಜಾಗ, ಬಿಸಿಲು, ಸದಾ ತಾಜಾ ನೀರು, ನಾಲ್ಕೈದು ಹೇಂಟೆಗಳಿಗೆ ಒಂದರಂತೆ ಮರೆಯಾದ ಮೊಟ್ಟೆಪೆಟ್ಟಿಗೆ ಇವಿಷ್ಟೂ ಇರಬೇಕು. ಸೆಖೆಯಲ್ಲಿ ಏದುಸಿರು ಬಿಟ್ಟಷ್ಟೂ ಚಿಪ್ಪು ತೆಳುವಾಗುವುದರಿಂದ ಬೇಸಿಗೆಯಲ್ಲಿ ನೆರಳಿಗೂ ಮೇವಿನಷ್ಟೇ ಗಮನ ಕೊಡಬೇಕು.

ಒಮ್ಮೆ ಮೊಟ್ಟೆ ಸಿಕ್ಕಿಕೊಂಡ ಹೇಂಟೆಗೆ ಮತ್ತೊಮ್ಮೆ ಹಾಗಾಗುವುದುಂಟು. ನಾನು ಅಂಥ ಹೇಂಟೆಯ ಕಾಲಿಗೆ ಬಣ್ಣದ ಉಂಗುರ ಹಾಕಿ, ಅದು ಮೊಟ್ಟೆಯಿಟ್ಟ ದಿನ, ಹೊತ್ತು, ಚಿಪ್ಪಿನ ಸ್ಥಿತಿ ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ವೈದ್ಯರು ಕೇಳುವ ಮೊದಲ ಪ್ರಶ್ನೆ ಕೊನೆಯ ಮೊಟ್ಟೆ ಯಾವಾಗ ಇಟ್ಟಿತು, ಅದು ಹೇಗಿತ್ತು ಎಂಬುದೇ. ಹತ್ತು ಕೋಳಿ ಸಾಕಿದವರು ನೆನಪಿನಿಂದ ಹೇಳುವ ಉತ್ತರ ಸಾಮಾನ್ಯವಾಗಿ ತಪ್ಪಾಗಿರುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನ ಬಿನ್ನಹವೆಂದರೆ, ಆ ಲೇಖನದ ಹೊಟ್ಟೆ ಒತ್ತುವ ಸಲಹೆಗೆ ಅದೇ ಪುಟದಲ್ಲಿ, ಅದೇ ಗಾತ್ರದ ಅಕ್ಷರಗಳಲ್ಲಿ ತಿದ್ದುಪಡಿ ಹಾಕಬೇಕು ಮತ್ತು ಮುಂದೆ ಸಾಕುಪ್ರಾಣಿಗಳ ಚಿಕಿತ್ಸೆಯ ಭಾಗವನ್ನಾದರೂ ಪ್ರಕಟಣೆಗೆ ಮೊದಲು ಪಶುವೈದ್ಯರೊಬ್ಬರಿಗೆ ತೋರಿಸಬೇಕು. ಸ್ಥಳದ ಅಭಾವದಿಂದ ಈ ಪತ್ರವನ್ನು ಕತ್ತರಿಸುವುದು ಅನಿವಾರ್ಯವಾದರೆ ನನ್ನ ಕೋಳಿಗಳ ಕಥೆಯನ್ನು ಬಿಟ್ಟುಬಿಡಿ. ಕಾವು ಕೂತ ಕೋಳಿಗೂ ಮೊಟ್ಟೆ ಸಿಕ್ಕಿಕೊಂಡ ಕೋಳಿಗೂ ಇರುವ ವ್ಯತ್ಯಾಸ, ಬಿಸಿನೀರಿನ ಸ್ನಾನದ ವಿವರ, ಯಾವಾಗ ವೈದ್ಯರ ಬಳಿ ಓಡಬೇಕು ಎಂಬುದು, ಈ ಮೂರನ್ನು ದಯವಿಟ್ಟು ಪೂರ್ತಿಯಾಗಿ ಪ್ರಕಟಿಸಿ.

ಇಂತಿ ತಮ್ಮ ವಿಶ್ವಾಸಿ,
ಹಿತ್ತಲಲ್ಲಿ ಕೋಳಿ ಸಾಕುವ ಒಬ್ಬ ಓದುಗ